ಬೇವಿಲ್ಲದ ನಾಡಿನ ಬೇವು-ಬೆಲ್ಲ

ಹೊಸ ವರ್ಷದ ದಿನ ಇಂಥದ್ದನ್ನೇ ತಿನ್ನಬೇಕು, ತಿಂದರೆ ವರ್ಷವಿಡೀ ಒಳಿತಾಗುತ್ತದೆ ಎಂಬ ನಂಬಿಕೆ ಇಲ್ಲದ ಸಮಾಜ ಬಹುಶಃ ಭೂಮಿಯ ಮೇಲೆ ಕಡಿಮೆ. ಸ್ಪೇನಿನ ಜನ ಡಿಸೆಂಬರ್ 31ರ ನಡುರಾತ್ರಿ ಗಡಿಯಾರದ ಒಂದೊಂದು ಬಡಿತಕ್ಕೆ ಒಂದರಂತೆ 12 ದ್ರಾಕ್ಷಿ ನುಂಗುತ್ತಾರೆ. ಜಪಾನಿನಲ್ಲಿ ಉದ್ದನೆಯ ಶಾವಿಗೆಯಂಥ ಸೋಬಾ ತಿನ್ನುತ್ತಾರೆ. ಎಳೆ ಉದ್ದವಾದಷ್ಟು ಆಯುಸ್ಸು ಉದ್ದ. ಇಟಲಿಯವರಿಗೆ ಮಸೂರ ಬೇಳೆ ನಾಣ್ಯದ ಹಾಗೆ ಕಾಣುತ್ತದೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಅಲಸಂದೆ ಕಾಳು ನಾಣ್ಯವಾದರೆ ಜೊತೆಗೆ ಬೇಯಿಸುವ ಸೊಪ್ಪು ನೋಟು. ಯಹೂದಿಗಳು ಸೇಬಿನ ಹೋಳನ್ನು ಜೇನಿನಲ್ಲಿ ಅದ್ದಿ ತಿಂದು ಸಿಹಿಯಾದ ವರ್ಷವನ್ನು ಬೇಡುತ್ತಾರೆ. ಇರಾನಿನ ನವ್ರೋಜ್ ಹಬ್ಬದಲ್ಲಿ 'ಸೀನ್' ಅಕ್ಷರದಿಂದ ಶುರುವಾಗುವ ಏಳು ವಸ್ತುಗಳನ್ನು ಹರಡಿಡುತ್ತಾರೆ. ಅವುಗಳಲ್ಲಿ ಮೊಳಕೆಯ ಪೈರು, ಸೇಬು, ಬೆಳ್ಳುಳ್ಳಿಗಳ ಜೊತೆ ಹುಳಿಯಾದ ಸಿರ್ಕಾ ಕೂಡ ಉಂಟು.

ಈ ಪಟ್ಟಿಯಲ್ಲಿ ಹೆಚ್ಚಿನವು ಸಿಹಿ, ಇಲ್ಲವೇ ಹಣದ ಆಕಾರದವು. ಮನುಷ್ಯ ಬಯಸುವುದೇ ಅದನ್ನು. ನಮ್ಮ ಯುಗಾದಿಯ ಬೇವು-ಬೆಲ್ಲ ಇವುಗಳ ನಡುವೆ ಕೊಂಚ ವಿಚಿತ್ರವಾಗಿ ನಿಲ್ಲುತ್ತದೆ. ವರ್ಷದ ಮೊದಲ ತುತ್ತಿನಲ್ಲೇ ಕಹಿಯನ್ನು ಕೊಡುವ ಈ ಪದ್ಧತಿಯ ಕುರಿತು, ಅದರಲ್ಲೂ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಲೆನಾಡಿನ ಹಿನ್ನೆಲೆಯಲ್ಲಿ, ಕೆಲವು ಸಂಗತಿಗಳನ್ನು ಇಲ್ಲಿ ನೋಡೋಣ. ಊಟದ ಎಲೆಯ ಮೇಲೆ ಬರುವ ಒಂದು ಚಿಟಿಕೆ ಪದಾರ್ಥದೊಳಗೂ ಒಂದು ನಾಡಿನ ಇತಿಹಾಸ ಇರಬಹುದು ಎಂಬುದು ನಮ್ಮ ನಂಬಿಕೆ.

ಮರ ಬಯಲಿನದು, ಬೆಲ್ಲ ಮಲೆನಾಡಿನದು

ಸಾಗರದಿಂದ ಕೆಲವೇ ಮೈಲಿ ದೂರದ ಹೆಗ್ಗೋಡು ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು 1949ರಲ್ಲಿ ಹುಟ್ಟಿದ ನೀನಾಸಂ ಮತ್ತು ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣ. ಆದರೆ ಊರಿನ ಸುತ್ತ ಕಣ್ಣು ಹಾಯಿಸಿದರೆ ಕಾಣುವುದು ಅಡಿಕೆ ತೋಟ, ಅದರ ಮೇಲ್ಗಡೆ ಸೊಪ್ಪಿನ ಬೆಟ್ಟ, ಕೆಳಗೆ ಭತ್ತದ ಗದ್ದೆ. ಹಿತ್ತಿಲಲ್ಲಿ ಕರಿಬೇವು ಇರುತ್ತದೆ. ಕಹಿಬೇವು ಮಾತ್ರ ಅಪರೂಪ. ಬೇವು ಮೂಲತಃ ಒಣ ಬಯಲಿನ ಮರ. ವರ್ಷಕ್ಕೆ 400ರಿಂದ 1200 ಮಿಲಿಮೀಟರ್ ಮಳೆ ಬೀಳುವ ಕಡೆ ಅದು ಚೆನ್ನಾಗಿ ಬೆಳೆಯುತ್ತದೆ; ಬೇರಿನ ಬುಡದಲ್ಲಿ ನೀರು ನಿಂತರೆ ಸಹಿಸುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಹೊಸನಗರದ ಹುಲಿಕಲ್ ಕೂಡ ಅದಕ್ಕೆ ಸಮನಾಗಿ ನಿಲ್ಲುವ ಜಾಗ. ಹೀಗಾಗಿ ಯುಗಾದಿಯ ಹಿಂದಿನ ದಿನ ಮಲೆನಾಡಿನ ಪೇಟೆಗಳಲ್ಲಿ ಬೇವಿನ ಸೊಪ್ಪು ಮಾರಾಟಕ್ಕೆ ಬರುತ್ತದೆ. ಅದು ಬರುವುದು ಪೂರ್ವದ ಬಯಲು ಸೀಮೆಯಿಂದ. ಚಿತ್ರದುರ್ಗ, ಬಳ್ಳಾರಿಗಳ ಕಡೆ ಮನೆ ಮುಂದಿನ ಮರದಿಂದ ಪುಕ್ಕಟೆ ಕಿತ್ತುಕೊಳ್ಳುವ ಸೊಪ್ಪನ್ನು ಇಲ್ಲಿ ಕೊಂಡು ತಂದು, ನಾಲ್ಕು ಮನೆಯವರು ಹಂಚಿಕೊಳ್ಳುತ್ತಾರೆ.

ಬೆಲ್ಲದ ವಿಷಯ ಹಾಗಲ್ಲ. ಈ ಭಾಗದ ಬೆಲ್ಲ ಅಚ್ಚಿನ ಬೆಲ್ಲವಲ್ಲ, ಡಬ್ಬದಲ್ಲಿ ತುಂಬಿಡುವ ಜೋನಿ ಬೆಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಆಲೆಮನೆಗಳು ನಡೆಯುತ್ತವೆ. ಹಿಂದೆ ಕೋಣ ಕಟ್ಟಿ ತಿರುಗಿಸುತ್ತಿದ್ದ ಗಾಣದ ಜಾಗಕ್ಕೆ ಈಗ ಯಂತ್ರ ಬಂದಿದೆ. ಆದರೆ ಆಲೆಮನೆಗೆ ಬಂದವರಿಗೆ ಕಬ್ಬಿನ ಹಾಲು ಕುಡಿಸದೆ, ಬಿಸಿ ಬೆಲ್ಲದ ರುಚಿ ತೋರಿಸದೆ ಕಳಿಸಬಾರದು ಎಂಬ ರೂಢಿ ಇನ್ನೂ ಉಳಿದಿದೆ. ಬಂದವನು ಯಾವ ಜಾತಿ, ಯಾವ ಧರ್ಮ ಎಂದು ಆಲೆಮನೆ ಕೇಳುವುದಿಲ್ಲ. ಆಲೆಮನೆಯ ಹಂಗಾಮು ಮುಗಿಯುವ ಹೊತ್ತಿಗೆ ಯುಗಾದಿ ಬರುತ್ತದೆ. ಮನೆಯಲ್ಲಿ ಹೊಸ ಬೆಲ್ಲ ತುಂಬಿರುತ್ತದೆ. ಬಯಲು ಸೀಮೆಯಲ್ಲಿ ಅದೇ ಹೊತ್ತಿಗೆ ಬೇವು ಹೊಸ ಚಿಗುರು ಬಿಟ್ಟು ಹೂವಾಗಿರುತ್ತದೆ. ಮಲೆನಾಡಿನವನ ಬೇವು-ಬೆಲ್ಲದಲ್ಲಿ ಕಹಿ ಹೊರಗಿನಿಂದ ಬಂದದ್ದು, ಸಿಹಿ ಮನೆಯದು. ಬಯಲಿನ ಬಹಳಷ್ಟು ಊರುಗಳಲ್ಲಿ ಇದು ತಿರುವುಮುರುವು: ಬೇವು ಮನೆ ಬಾಗಿಲಿನದು, ಬೆಲ್ಲ ಸಂತೆಯದು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಯುಗಾದಿ ಚಾಂದ್ರಮಾನದವರ ಹಬ್ಬ; ಚೈತ್ರ ಶುದ್ಧ ಪಾಡ್ಯದಂದು ಬರುತ್ತದೆ. ಆಂಧ್ರ ಮತ್ತು ತೆಲಂಗಾಣದಲ್ಲಿ ಅದೇ ದಿನ ಬೇವಿನ ಹೂವು, ಬೆಲ್ಲ, ಹುಣಸೆ, ಮಾವಿನಕಾಯಿ, ಖಾರ, ಉಪ್ಪು ಸೇರಿಸಿ ಆರು ರುಚಿಯ ಪಚ್ಚಡಿ ಮಾಡುತ್ತಾರೆ. ಮಹಾರಾಷ್ಟ್ರದ ಗುಡಿ ಪಾಡ್ವದಲ್ಲೂ ಬೇವು-ಬೆಲ್ಲ ಉಂಟು. ತಮಿಳರ ಹೊಸ ವರ್ಷ ಸೌರಮಾನದ್ದು, ಏಪ್ರಿಲ್ ಮಧ್ಯದಲ್ಲಿ ಬರುತ್ತದೆ. ಅವರ ಮಾವಿನಕಾಯಿ ಪಚ್ಚಡಿಗೂ ಬೇವಿನ ಹೂವು ಬೀಳುತ್ತದೆ. ಪಂಚಾಂಗ ಬೇರೆ, ಹೂವು ಒಂದೇ. ಪಂಚಾಂಗದ ಲೆಕ್ಕಕ್ಕಿಂತ ಮರದ ಋತುವೇ ಈ ತಿನಿಸನ್ನು ನಿರ್ಧರಿಸಿದೆ ಎಂದು ಇದರಿಂದ ಊಹಿಸಬಹುದು. ಆಗುಂಬೆ ಘಾಟಿ ಇಳಿದು ಉಡುಪಿಯ ಕಡೆ ಹೋದರೆ ತುಳುವರ ಬಿಸು. ಅಲ್ಲಿ ಬೇವಿಗಿಂತ ಕಣಿಗೆ, ಅಂದರೆ ಬೆಳಿಗ್ಗೆ ಎದ್ದು ನೋಡುವ ಫಲವಸ್ತುಗಳಿಗೆ, ಹೆಚ್ಚು ಮಹತ್ವ. ಘಾಟಿಯ ಮೇಲೊಂದು ಹೊಸ ವರ್ಷ, ಕೆಳಗೊಂದು ಹೊಸ ವರ್ಷ. ತೀರ್ಥಹಳ್ಳಿಯಂಥ ಊರು ಎರಡನ್ನೂ ಬಲ್ಲದು.

ಶ್ಲೋಕ ಹೇಳುವುದು ಒಂದು, ಜನ ಹೇಳುವುದು ಇನ್ನೊಂದು

ಬೇವು-ಬೆಲ್ಲ ತಿನ್ನುವಾಗ ಹೇಳುವ ಒಂದು ಸಂಸ್ಕೃತ ಶ್ಲೋಕ ಪಂಚಾಂಗಗಳಲ್ಲಿ ಅಚ್ಚಾಗಿರುತ್ತದೆ. ಅದರ ಅರ್ಥವನ್ನು ಬಿಡಿಸಿ ನೋಡಿದರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. ನೂರು ವರ್ಷದ ಆಯುಸ್ಸು, ವಜ್ರದಂಥ ದೇಹ, ಸಕಲ ಸಂಪತ್ತು, ಎಲ್ಲ ಕೇಡುಗಳ ನಾಶ, ಇಷ್ಟಕ್ಕಾಗಿ ಬೇವಿನ ಎಳೆಯ ಎಲೆಯನ್ನು ತಿನ್ನಬೇಕು ಎಂಬುದೇ ಅದರ ಸಾರ. ಅಂದರೆ ಅಲ್ಲಿ ಬೇವು ಒಂದು ಔಷಧಿ ಮತ್ತು ಒಂದು ರಕ್ಷೆ. ಸ್ಪೇನಿನ ದ್ರಾಕ್ಷಿಯಂತೆ, ಇಟಲಿಯ ಮಸೂರದಂತೆ ಅದೂ ಅದೃಷ್ಟ ತರುವ ಆಹಾರವೇ. ಸುಖ-ದುಃಖಗಳನ್ನು ಸಮನಾಗಿ ಕಾಣಬೇಕೆಂಬ ಮಾತು ಆ ಶ್ಲೋಕದಲ್ಲಿ ಇಲ್ಲ.

ಹಾಗಾದರೆ ನಮ್ಮ ಮನೆಗಳಲ್ಲಿ ಅಜ್ಜಿಯರು, ಶಾಲೆಗಳಲ್ಲಿ ಮೇಷ್ಟ್ರುಗಳು ಮಕ್ಕಳಿಗೆ ಹೇಳಿಕೊಟ್ಟದ್ದು ಏನು? 'ಬಾಳಿನಲ್ಲಿ ಕಹಿಯೂ ಇರುತ್ತದೆ, ಸಿಹಿಯೂ ಇರುತ್ತದೆ. ಎರಡನ್ನೂ ಒಂದೇ ಸಮ ತಿನ್ನಬೇಕು' ಎಂದು. ಇದು ಶ್ಲೋಕದ ಅನುವಾದವಲ್ಲ, ಜನರೇ ಕೊಟ್ಟ ಅರ್ಥ. ಶ್ಲೋಕ ಕೇಡಿನ ನಾಶವನ್ನು ಬೇಡುತ್ತದೆ. ಆಡುಮಾತಿನ ಕನ್ನಡ ಕೇಡೂ ಬರುತ್ತದೆಂದು ಒಪ್ಪಿಕೊಂಡೇ ವರ್ಷವನ್ನು ಶುರು ಮಾಡುತ್ತದೆ. ಮಳೆ ತಪ್ಪಿದರೆ ಬರ, ಹೆಚ್ಚಾದರೆ ಅಡಿಕೆಗೆ ಕೊಳೆ ರೋಗ ಎಂದು ಬಲ್ಲ ರೈತನಿಗೆ ಈ ಎರಡನೆಯ ಅರ್ಥವೇ ಹೆಚ್ಚು ಹತ್ತಿರ ಎನಿಸಿದ್ದರೆ ಆಶ್ಚರ್ಯವಿಲ್ಲ. ಹೀಗೆ ಅದೃಷ್ಟದ ಆಹಾರವೊಂದು ಕನ್ನಡಿಗರ ಬಾಯಲ್ಲಿ ವಿವೇಕದ ಆಹಾರವಾಯಿತು.

ಬೇವನ್ನು ಔಷಧಿಯಾಗಿ ಕಂಡವರು ಸಂಸ್ಕೃತದವರು ಮಾತ್ರವಲ್ಲ. ಪಾರ್ಸಿ ಭಾಷೆಯಲ್ಲಿ ಇದಕ್ಕೆ 'ಆಜಾದ್ ದರಖ್ತ್', ಅಂದರೆ ಸ್ವತಂತ್ರ ಮರ, ಎಂಬ ಹೆಸರಿತ್ತು. 1830ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಆದ್ರಿಯನ್ ದ ಜುಸ್ಸಿಯು ಈ ಮರಕ್ಕೆ 'ಅಜಾಡಿರಾಕ್ಟ ಇಂಡಿಕ' ಎಂದು ಹೆಸರಿಟ್ಟಾಗ ಆ ಪಾರ್ಸಿ ಪದವನ್ನೇ ಲ್ಯಾಟಿನ್ ವೇಷದಲ್ಲಿ ಉಳಿಸಿಕೊಂಡನು. ಯುಗಾದಿಯ ತೋರಣದಲ್ಲಿ ತೂಗುವ ಸೊಪ್ಪಿನ ಶಾಸ್ತ್ರೀಯ ಹೆಸರು ಪಾರ್ಸಿಯದು ಎಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ.

ಮಲೆನಾಡಿನ ಸ್ವಂತ ತುತ್ತು

ಬೇವು ಬಯಲಿನಿಂದ ಬಂದದ್ದಾದರೆ ಒಳಿತನ್ನು ಬೇಡುವ ಮಲೆನಾಡಿನ ಸ್ವಂತ ಆಹಾರ ಯಾವುದು? ಅದನ್ನು ಚೈತ್ರದಲ್ಲಿ ಹುಡುಕಬಾರದು, ಮಳೆಗಾಲ ಮುಗಿದು ಭತ್ತದ ತೆನೆ ಬಲಿಯುವ ಕಾಲದಲ್ಲಿ ಹುಡುಕಬೇಕು.

ಸೀಗೆ ಹುಣ್ಣಿಮೆಯಂದು ಇಲ್ಲಿ ಭೂಮಿ ಹುಣ್ಣಿಮೆ. ಸಾಗರ, ಸೊರಬದ ಸುತ್ತಿನ ದೀವರ ಹೆಣ್ಣುಮಕ್ಕಳು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳ ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ರಾತ್ರಿಯಿಡೀ ಅಡುಗೆ. ಕೊಟ್ಟೆ ಕಡುಬಿನ ಜೊತೆಗೆ ಹಚ್ಚಂಬಲಿ ಎಂಬ ವಿಶೇಷ ಪದಾರ್ಥವೂ ತಯಾರಾಗುತ್ತದೆ. ಬೆಟ್ಟ, ಬೇಣ, ಹಿತ್ತಿಲುಗಳಿಂದ ಆಯ್ದು ತಂದ ಬಗೆಬಗೆಯ ಕುಡಿ, ಸೊಪ್ಪುಗಳನ್ನು ಸೇರಿಸಿ ಬೇಯಿಸುವುದೇ ಹಚ್ಚಂಬಲಿ. ನೂರೊಂದು ಕುಡಿ ಎಂದು ಲೆಕ್ಕ ಹೇಳುವುದೂ ಉಂಟು. ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಇದನ್ನು ಬೀರುತ್ತಾರೆ. ಹೊಡೆ ತುಂಬಿದ ಪೈರು ಇವರ ಕಣ್ಣಿಗೆ ತುಂಬು ಬಸುರಿ. ಬಸುರಿಗೆ ಬಯಕೆಯ ಊಟ ಹಾಕಬೇಕು. ಇಲ್ಲಿ ಅದೃಷ್ಟಕ್ಕಾಗಿ ತಿನ್ನುವುದು ಮನುಷ್ಯನಲ್ಲ, ಭೂಮಿ. ಮನುಷ್ಯ ಉಣ್ಣುವುದು ಆಮೇಲೆ.

ಇದಾಗಿ ಹದಿನೈದು ದಿನಕ್ಕೆ ದೀಪಾವಳಿ. ಮಲೆನಾಡಿನಲ್ಲಿ ಅದು ದೊಡ್ಡ ಹಬ್ಬ. ಗುಜರಾತಿನವರಿಗೆ ಆ ಬಲಿಪಾಡ್ಯವೇ ಹೊಸ ವರ್ಷದ ಮೊದಲ ದಿನ; ಮಲೆನಾಡಿನವರಿಗೆ ಹಾಗೆಂಬ ಹೆಸರಿಲ್ಲದಿದ್ದರೂ ಸಂಭ್ರಮ ಯುಗಾದಿಯನ್ನು ಮೀರಿಸುತ್ತದೆ. ದನಗಳ ಕೊರಳಿಗೆ ಅಡಿಕೆಯ ಮಾಲೆ, ಮನೆಯಲ್ಲಿ ಸೌತೆಕಾಯಿ ಕಡುಬು, ರಾತ್ರಿ ಮನೆಮನೆಗೆ ದೀಪ ಹೊತ್ತು ಬರುವ ಅಂಟಿಗೆ-ಪಂಟಿಗೆಯ ಹಾಡುಗಾರರು. ಅವರು ಬಲೀಂದ್ರನ ಕಥೆ ಹಾಡಿ, ಮನೆಗೆ ಒಳಿತು ಕೋರಿ, ಮುಂದಿನ ಮನೆಗೆ ಸಾಗುತ್ತಾರೆ. ವರ್ಷಕ್ಕೊಮ್ಮೆ ಬಲಿ ಭೂಮಿಗೆ ಬರುತ್ತಾನೆಂಬ ಈ ನಂಬಿಕೆ ಎಷ್ಟು ಹಳೆಯದು? ಸುಮಾರು 1030ರಲ್ಲಿ ಭಾರತವನ್ನು ಕುರಿತು ಅರಬ್ಬಿ ಭಾಷೆಯಲ್ಲಿ ಬರೆದ ಅಲ್-ಬಿರೂನಿ ತನ್ನ ಗ್ರಂಥದ ಹಬ್ಬಗಳ ಅಧ್ಯಾಯದಲ್ಲಿ ದೀಪಾವಳಿಯನ್ನು ವರ್ಣಿಸಿ, ಆ ದಿನ ಲಕ್ಷ್ಮಿ ಬಲಿಯನ್ನು ಬಿಡುಗಡೆ ಮಾಡುತ್ತಾಳೆಂಬ ನಂಬಿಕೆಯನ್ನು ದಾಖಲಿಸಿದ್ದಾನೆ. ಪರಧರ್ಮದ ಹಬ್ಬವನ್ನು ಹಾಸ್ಯ ಮಾಡದೆ, ಕೇಳಿ ತಿಳಿದು ಬರೆದಿಟ್ಟ ಆ ವಿದ್ವಾಂಸನ ಕ್ರಮ ಇಂದಿಗೂ ಮಾದರಿಯಾಗಬಲ್ಲದು.

ನಗರದ ಟಂಕಸಾಲೆ ಮತ್ತು ಟಿಪ್ಪುವಿನ ಯುಗಾದಿ

ಈ ಮೂರು ತಾಲ್ಲೂಕುಗಳೂ ಕೆಳದಿ ಅರಸರ ನಾಡು. ಕೆಳದಿ, ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿವೆ. ಕೊನೆಯ ರಾಜಧಾನಿ ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ. ಕೆಳದಿಯ ಬಸವರಾಜ 1709ರಲ್ಲಿ ರಚಿಸಿದ 'ಶಿವತತ್ತ್ವ ರತ್ನಾಕರ' ಎಂಬ ಸಂಸ್ಕೃತ ವಿಶ್ವಕೋಶದಲ್ಲಿ ಪಾಕಶಾಸ್ತ್ರಕ್ಕೂ ಜಾಗವಿದೆ. ಅರಮನೆಯಲ್ಲಿ ಕುಳಿತು ಅಡುಗೆಯ ಕುರಿತು ಬರೆದ ಕನ್ನಡ ನಾಡಿನ ಪರಂಪರೆ ಇನ್ನೂ ಹಳೆಯದು. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' 12ನೇ ಶತಮಾನದ್ದು.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟ. ರಾಜ್ಯ ಬದಲಾಯಿತು, ಆದರೆ ಚಿನ್ನದ ವರಹದ ಮೇಲಿದ್ದ ಶಿವಪಾರ್ವತಿಯರ ಚಿತ್ರ ಹಾಗೆಯೇ ಉಳಿಯಿತು. ಹಿಂಬದಿಗೆ ಹೈದರನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಹಾಕಲಾಯಿತು. ಜನ ನಂಬಿದ ನಾಣ್ಯವನ್ನು ಕೆಡಿಸಬಾರದು ಎಂಬ ವ್ಯಾವಹಾರಿಕ ಬುದ್ಧಿ ಅದರಲ್ಲಿತ್ತು.

ಮಗ ಟಿಪ್ಪು ಕಾಲಗಣನೆಯಲ್ಲೇ ಒಂದು ಪ್ರಯೋಗ ಮಾಡಿದ. 1787ರಲ್ಲಿ ಅವನು ಜಾರಿಗೆ ತಂದ ಶಕೆಗೆ ಮೌಲೂದಿ ಎಂದು ಹೆಸರು. ಅದರ ಎಣಿಕೆ ಹಿಜರತ್‌ನಿಂದಲ್ಲ, ಪ್ರವಾದಿಯವರ ಜನನದಿಂದ. ಹೀಗಾಗಿ ಶಕೆ ಶುರುವಾದದ್ದೇ 1215ನೇ ವರ್ಷವೆಂದು. ತಿಂಗಳುಗಳಿಗೆ ಅಹ್ಮದಿ, ಬಹಾರಿ ಎಂದು ಮುಂತಾಗಿ ಹೊಸ ಹೆಸರುಗಳು. ಈ ಪದ್ಧತಿಯಲ್ಲಿ ಅರಬ್ಬಿ ಅಕ್ಷರಗಳಿಗೆ ಸಂಖ್ಯೆಯ ಬೆಲೆ ಇದೆ. ಅದರಂತೆ ಹೆಸರಿನ ಆರಂಭದ ಅಕ್ಷರ ನೋಡಿದರೆ ಎಷ್ಟನೆಯ ತಿಂಗಳೆಂದು ತಿಳಿಯುತ್ತದೆ. ನಾಣ್ಯಗಳ ಮೇಲೆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ನಗರದ ಟಂಕಸಾಲೆಯಲ್ಲೂ ಈ ನಾಣ್ಯಗಳು ಅಚ್ಚಾದವು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಹೆಸರುಗಳ ಕೆಳಗಿರುವ ಲೆಕ್ಕ. ಮೌಲೂದಿ ವರ್ಷ ಹಿಜರಿಯಂತೆ ಶುದ್ಧ ಚಾಂದ್ರಮಾನವಲ್ಲ. ಅದು ನಮ್ಮ ಪಂಚಾಂಗದ ಚಾಂದ್ರ-ಸೌರ ಲೆಕ್ಕವೇ. ಅಧಿಕ ಮಾಸ ಅದರಲ್ಲೂ ಬರುತ್ತದೆ. 60 ಸಂವತ್ಸರಗಳ ಚಕ್ರವನ್ನೂ ಹೊಸ ಹೆಸರುಗಳಲ್ಲಿ ಉಳಿಸಿಕೊಳ್ಳಲಾಯಿತು. ಅಹ್ಮದಿ ಎಂದರೆ ಚೈತ್ರ. ಅಂದರೆ ಟಿಪ್ಪುವಿನ ಸರ್ಕಾರದ ಹೊಸ ವರ್ಷ ಶುರುವಾಗುತ್ತಿದ್ದದ್ದು ಅವನ ರೈತರು ಬೇವು-ಬೆಲ್ಲ ತಿನ್ನುವ ಹೊತ್ತಿಗೇ.

ಇದನ್ನು ಕೇವಲ ಉದಾರತೆ ಎಂದು ಹೊಗಳುವ ಅಗತ್ಯವಿಲ್ಲ. ಕಂದಾಯ ವಸೂಲಿಯ ಮಾತು ಇದು. ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಅದು ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತ, 33 ವರ್ಷಗಳಿಗೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಬೆಳೆ ಹಾಗೆ ಸುತ್ತುವುದಿಲ್ಲ. ರೈತನಿಂದ ಕಂದಾಯ ಪಡೆಯಬೇಕಾದ ಯಾವ ಅರಸನೂ ರೈತನ ಋತುವನ್ನು ಒಪ್ಪಲೇಬೇಕು. ಹಾಗಿದ್ದೂ ಅಹ್ಮದ್ ಎಂಬ ಪ್ರವಾದಿಯವರ ಹೆಸರನ್ನು ಚೈತ್ರ ಮಾಸಕ್ಕೆ ಇಟ್ಟ ಆ ಕ್ರಮದಲ್ಲಿ ಎರಡು ಕಾಲಗಳನ್ನು ಒಟ್ಟಿಗೆ ಕೂಡಿಸುವ ಪ್ರಯತ್ನವಿತ್ತು ಎಂಬುದನ್ನು ಅಲ್ಲಗಳೆಯಲಾಗದು. 1799ರಲ್ಲಿ ಟಿಪ್ಪುವಿನೊಡನೆ ಆ ಶಕೆಯೂ ಮುಗಿಯಿತು.

ಹಿಜರಿಗೆ ಏಕೆ ತಿನಿಸಿಲ್ಲ?

ಹಾಗಾದರೆ ಮುಸ್ಲಿಮರ ಹೊಸ ವರ್ಷಕ್ಕೆ ಬೇವು-ಬೆಲ್ಲದಂಥ ಆಹಾರ ಏಕಿಲ್ಲ ಎಂದು ಕೆಲವರು ಕೇಳುವುದುಂಟು. ಖಲೀಫ ಉಮರ್ ಅವರ ಆಡಳಿತದಲ್ಲಿ, ಸುಮಾರು 638ರಲ್ಲಿ, ಹಿಜರಿ ಶಕೆ ನಿಗದಿಯಾದದ್ದು ಆಡಳಿತದ ಪತ್ರವ್ಯವಹಾರಕ್ಕಾಗಿ. ಮುಹರ್ರಮ್ ಒಂದನೇ ತಾರೀಕು ಹಬ್ಬವೆಂದು ಧರ್ಮ ವಿಧಿಸಿಲ್ಲ. ಎರಡನೆಯದಾಗಿ, ಎಲ್ಲ ಋತುಗಳಲ್ಲೂ ಸುತ್ತುವ ವರ್ಷಕ್ಕೆ ಒಂದೇ ಋತುವಿನ ಹೂವನ್ನೋ ಹಣ್ಣನ್ನೋ ಕಟ್ಟಲಾಗದು. ಮೂರನೆಯದು ನಂಬಿಕೆಯ ಪ್ರಶ್ನೆ. ಹಕ್ಕಿ ಹಾರಿದ ದಿಕ್ಕನ್ನೋ ಇನ್ನಾವುದನ್ನೋ ಶಕುನವೆಂದು ನಂಬುವುದನ್ನು ಪ್ರವಾದಿಯವರು ತಿರಸ್ಕರಿಸಿದರು. ಆದರೆ ಒಳ್ಳೆಯ ಮಾತು ತಮಗೆ ಇಷ್ಟವೆಂದರು ಎಂದು ಹದೀಸ್ ಹೇಳುತ್ತದೆ. ಭಯದ ಶಕುನ ಬೇಡ, ಶುಭದ ನುಡಿ ಬೇಕು ಎಂಬ ಈ ವಿವೇಚನೆ ಅರ್ಥಪೂರ್ಣವಾದುದು.

ಹಾಗೆಂದು ಮುಹರ್ರಮ್ ತಿಂಗಳು ಆಹಾರವಿಲ್ಲದ ತಿಂಗಳಲ್ಲ. 680ರ ಕರ್ಬಲಾ ದುರಂತದ ನೆನಪಿನ ಈ ತಿಂಗಳಲ್ಲಿ ಬಾಯಾರಿದವರಿಗೆ ಶರಬತ್ತು ಹಂಚುವುದುಂಟು. ಉತ್ತರ ಕರ್ನಾಟಕದಲ್ಲಿ ಬೆಲ್ಲ ಹಾಕಿ ಮಾಡುವ ಚೋಂಗೆ, ಮಾಲಿದೆಗಳನ್ನು ಅಲಾವಿಯ ಹಬ್ಬಕ್ಕೆ ಹಿಂದೂ ಮನೆಗಳಲ್ಲೂ ಮಾಡುತ್ತಾರೆ. ರಹಮತ್ ತರೀಕೆರೆಯವರು ಕರ್ನಾಟಕದ ಮೊಹರಮ್ಮನ್ನು ಅಧ್ಯಯನ ಮಾಡಿ ತೋರಿಸಿರುವಂತೆ ಅದು ಹಲವು ಊರುಗಳಲ್ಲಿ ಎಲ್ಲರ ಹಬ್ಬ. ಟರ್ಕಿಯಲ್ಲಿ ಹತ್ತನೆಯ ದಿನಕ್ಕೆ ಗೋಧಿ, ಕಾಳು, ಒಣಹಣ್ಣುಗಳ 'ಆಶುರೆ' ಪಾಯಸ ಮಾಡಿ ನೆರೆಮನೆಗಳಿಗೆ ಹಂಚುತ್ತಾರೆ. ಪ್ರವಾದಿ ನೂಹರ ಹಡಗಿನಲ್ಲಿ ಕೊನೆಗೆ ಉಳಿದ ಧಾನ್ಯಗಳನ್ನೆಲ್ಲ ಸೇರಿಸಿ ಬೇಯಿಸಿದ್ದರ ನೆನಪೆಂದು ಜನ ಹೇಳುತ್ತಾರೆ. ಹಲವನ್ನು ಒಂದೇ ಪಾತ್ರೆಯಲ್ಲಿ ಬೇಯಿಸುವ ಆಶುರೆಗೂ ಮಲೆನಾಡಿನ ಹಚ್ಚಂಬಲಿಗೂ ಸಂಬಂಧವೇನಿಲ್ಲ. ಆದರೂ ಎರಡನ್ನೂ ಬಲ್ಲವರಿಗೆ ಒಂದರಿಂದ ಇನ್ನೊಂದು ನೆನಪಾದೀತು.

ಒಂದೇ ಚಂದ್ರ

ಹಳೆ ಮೈಸೂರಿನ ಕಡೆ ಯುಗಾದಿಯ ಮರುದಿನ ಹೊಸತೊಡಕು. ಅಂದು ಮಾಡಿದ್ದು ವರ್ಷವಿಡೀ ನಡೆಯುತ್ತದೆಂಬ ನಂಬಿಕೆಯಿಂದ ಮಾಂಸದ ಅಡುಗೆ ಮಾಡುತ್ತಾರೆ. ಅದೂ ಅದೃಷ್ಟದ ಊಟವೇ. ಮಾಂಸವನ್ನು ಸಾಬರ ಅಂಗಡಿಯಿಂದ ತರುವುದು ಎಷ್ಟೋ ಊರುಗಳಲ್ಲಿ ಯಾರೂ ಯೋಚಿಸದ ರೂಢಿಯಾಗಿತ್ತು. 2022ರ ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸವನ್ನು ಕೊಳ್ಳಬಾರದೆಂಬ ಕರೆ ರಾಜ್ಯದಲ್ಲಿ ಎದ್ದಿತು. ಅದೇ ವಾರ ರಂಜಾನ್ ಉಪವಾಸಗಳೂ ಶುರುವಾಗಿದ್ದವು. ಯಾರು ಎಷ್ಟು ಕೊಂಡರು, ಬಿಟ್ಟರು ಎಂಬ ಲೆಕ್ಕಕ್ಕಿಂತ ದೊಡ್ಡದು, ಹೊಸ ವರ್ಷದ ಊಟವೇ ನೆರೆಯವನನ್ನು ದೂರ ಇಡುವ ಸಾಧನವಾಗಬಹುದೆಂದು ನಾವೆಲ್ಲ ಕಂಡದ್ದು. 'ಅಂದು ಮಾಡಿದ್ದು ವರ್ಷವಿಡೀ' ಎಂಬ ನಂಬಿಕೆ ನಿಜವಾದರೆ ಹೊಸತೊಡಕಿನ ದಿನ ಜಗಳ ಮಾಡುವುದು ಯಾರಿಗೂ ಕ್ಷೇಮವಲ್ಲ.

ಆಕಾಶದ ಲೆಕ್ಕ ಬೇರೆಯೇ ಇದೆ. ಯುಗಾದಿಯೂ ಅಮಾವಾಸ್ಯೆಯ ನಂತರದ ದಿನ, ರಂಜಾನ್ ಹಬ್ಬವೂ ಅಮಾವಾಸ್ಯೆ ಕಳೆದು ಎಳೆ ಚಂದ್ರ ಕಂಡ ಮೇಲಿನ ದಿನ. ಹಿಜರಿ ತಿಂಗಳು ಸುತ್ತುತ್ತ ಬಂದು, 33 ವರ್ಷಗಳಿಗೊಮ್ಮೆ ಎರಡು ಹಬ್ಬಗಳು ಪಕ್ಕಪಕ್ಕ ನಿಲ್ಲುತ್ತವೆ. 1990ರ ದಶಕದ ಆರಂಭದಲ್ಲಿ ಹಾಗಾಗಿತ್ತು. 2024ರಲ್ಲಿ ಏಪ್ರಿಲ್ 9ಕ್ಕೆ ಯುಗಾದಿಯಾದರೆ ಅದರ ಬೆನ್ನಿಗೇ ಈದುಲ್ ಫಿತ್ರ್ ಬಂತು. 2025ರಲ್ಲಿ ಮಾರ್ಚ್ 30ರಂದು ಯುಗಾದಿ, 31ರಂದು ಈದ್. ನಮ್ಮ ಹಳ್ಳಿಗಳಲ್ಲಿ ಯುಗಾದಿಯ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆರಗುವ ಪದ್ಧತಿ ಇದೆ. ಮುಸ್ಲಿಮರೂ ಚಂದ್ರನನ್ನು ಕಂಡು ದುವಾ ಮಾಡಿ ಒಬ್ಬರಿಗೊಬ್ಬರು ಶುಭ ಕೋರುತ್ತಾರೆ. ಆ ಭಾನುವಾರದ ಸಂಜೆ ಪಡುವಣದಲ್ಲಿ ಕಂಡ ತೆಳುಗೆರೆಯ ಚಂದ್ರ ಚೈತ್ರದ್ದೂ ಹೌದು, ಶವ್ವಾಲ್‌ನದೂ ಹೌದು. ಮಲೆನಾಡಿನ ಪೇಟೆಯ ಅಂಗಡಿಗಳಲ್ಲಿ ಬೇವಿನ ಸೊಪ್ಪಿನ ಪಕ್ಕದಲ್ಲೇ ಶಾವಿಗೆ, ಖರ್ಜೂರ ಮಾರಾಟವಾದವು.

ಅದೃಷ್ಟವನ್ನು ಯಾವ ತಿನಿಸೂ ತಂದುಕೊಡಲಾರದು ಎಂದು ನಾವು ತಿಳಿದಿದ್ದೇವೆ. ಬೇವು ತಿಂದವರಿಗೂ ಕಷ್ಟ ಬರುತ್ತದೆ, ತಿನ್ನದವರಿಗೂ ಬರುತ್ತದೆ. ಆದರೆ ಬೇವೇ ಬೆಳೆಯದ ನಾಡಿನ ಜನ ಬೇರೆ ಸೀಮೆಯ ಕಹಿಯನ್ನು ಕೊಂಡು ತಂದು, ತಮ್ಮ ಬೆಲ್ಲದೊಂದಿಗೆ ಬೆರೆಸಿ, ಹಂಚಿಕೊಂಡು ತಿಂದು ವರ್ಷವನ್ನು ಶುರು ಮಾಡುತ್ತಾರೆಂಬುದು ಸಣ್ಣ ಸಂಗತಿಯಲ್ಲ. ಹೊಸ ವರ್ಷದಲ್ಲಿ ನಮ್ಮ ಪಾಲಿನ ಕಹಿಯನ್ನು ನೆರೆಯವನ ತಲೆಗೆ ಕಟ್ಟದೆ ನಾವೇ ಉಣ್ಣುವುದನ್ನೂ, ನಮ್ಮ ಬೆಲ್ಲದಲ್ಲಿ ಅವನಿಗೊಂದು ಪಾಲು ಇಡುವುದನ್ನೂ ಕಲಿತರೆ ಅದಕ್ಕಿಂತ ದೊಡ್ಡ ಅದೃಷ್ಟ ಈ ನಾಡಿಗೆ ಬೇಕಿಲ್ಲ.